ಕೋಳಿ ಮುಟ್ಟದ ಉಚ್ಚಂಗೆಮ್ಮ

ಚಳ್ಳಕೆರೆಯ ಮಿಷನ್ ಕೇರಿಯಲ್ಲಿ ಕ್ರಿಸ್ಮಸ್ ಹಬ್ಬದ ದಿನ ಕೋಳಿ ಸಾರು ಕುದಿಯದ ಮನೆ ಒಂದೇ ಒಂದಿತ್ತು. ಅದು ಬೈಬಲಮ್ಮ ಉಚ್ಚಂಗೆಮ್ಮನ ಮನೆ. ಊರೂರು ತಿರುಗಿ ಹೆಂಗಸರಿಗೆ ವಾಕ್ಯ ಓದಿ ಹೇಳುತ್ತಿದ್ದವಳಾದ್ದರಿಂದ ಜನ ಅವಳಿಗೆ ಬೈಬಲಮ್ಮ ಎಂದಿದ್ದರು. ಮುಪ್ಪಿನಲ್ಲಿ ಅವಳು ಹಬ್ಬದ ದಿನವೂ ಮುದ್ದೆಗೆ ಹುರುಳಿ ಸಾರು ಬಿಟ್ಟುಕೊಂಡು, ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಪಿತ್ತ ಇರಬೇಕು ಎಂದರು ಕೆಲವರು. ಹಳೇ ದೇವರ ಹರಕೆ ಇನ್ನೂ ಬಿಟ್ಟಿಲ್ಲ ನೋಡು ಎಂದು ನಕ್ಕರು ಇನ್ನು ಕೆಲವರು. ಪಿತ್ತವೂ ಇರಲಿಲ್ಲ, ಹರಕೆಯೂ ಇರಲಿಲ್ಲ. ಇದ್ದದ್ದು ಒಂದು ಸುಳ್ಳು. ಅದನ್ನು ಆಡಿದವಳು ಅವಳೇ.

ಅವಳು ಕೊಂಡ್ಲಹಳ್ಳಿಯ ಮಗಳು. ವಾಂತಿಭೇದಿ ಬಂದ ವರ್ಷ ಗಂಡ ಹೋದ, ಅತ್ತೆಮನೆಯವರು ಕಾಲ್ಗುಣ ಎಂದರು, ಇವಳು ಸೀರೆ ಗಂಟು ಕಟ್ಟಿಕೊಂಡು ಮಿಷನ್ ಬಂಗಲೆಯ ಬಾಗಿಲಿಗೆ ಬಂದಳು. ದೀಕ್ಷಾಸ್ನಾನದ ದಿನ ಪಾದ್ರಿಗಳು ಕೃಪಮ್ಮ ಎಂದು ಹೆಸರಿಟ್ಟರು. ಆ ಹೆಸರು ಪಾದ್ರಿಗಳ ಪುಸ್ತಕದಲ್ಲೇ ಉಳಿಯಿತು. ಸಂತೆಯಲ್ಲಿ ಅವಳು ಉಚ್ಚಂಗೆಮ್ಮನೇ. ಓದು ಬೇಗ ಹತ್ತಿತು. ನಾಲಿಗೆಯಂತೂ ಮೊದಲೇ ಚುರುಕು. ಎಂಥ ಬಿಗಿದ ಬಾಗಿಲನ್ನೂ ಎರಡು ಮಾತಿನಲ್ಲಿ ತೆರೆಸುತ್ತಾಳೆ ಎಂಬುದು ಅವಳ ಹೆಗ್ಗಳಿಕೆಯಾಗಿತ್ತು.

ಬಂಗಲೆಯ ಯಜಮಾನಿ ಒಬ್ಬ ಬಿಳಿ ಹೆಂಗಸು. ಎಲ್ಲರೂ ಮಿಸ್ಸಮ್ಮ ಎನ್ನುತ್ತಿದ್ದರು. ಪಂಡಿತರೊಬ್ಬರಿಂದ ಕನ್ನಡ ಕಲಿತಿದ್ದರಿಂದ ತರಕಾರಿಯವಳ ಹತ್ತಿರವೂ ಅಚ್ಚಾದ ಪುಸ್ತಕದಂತೆ ಮಾತಾಡುತ್ತಿದ್ದಳು. ಪ್ಲೇಗು ಬಂದು ಹಳ್ಳಿಗಳು ಬಯಲಿನ ಜೋಪಡಿಗಳಿಗೆ ಹೋದ ಆ ವರ್ಷಗಳಲ್ಲಿ ದಿಕ್ಕಿಲ್ಲದ ಮಕ್ಕಳು ಬಂಗಲೆಯ ಜಗುಲಿ ತುಂಬ ಆದರು. ಬೇರೆ ಕಡೆಯ ಮಿಷನ್ನಿನವರು ಅಂಥವರನ್ನು ಒಂದೇ ದೊಡ್ಡ ಮನೆಯಲ್ಲಿ ಸಾಲಾಗಿ ಮಲಗಿಸಿ ಸಾಕುತ್ತಿದ್ದರು. ಮಿಸ್ಸಮ್ಮನಿಗೆ ಅದು ಸರಿಬರಲಿಲ್ಲ. "ಮಗುವಿಗೆ ಛಾವಣಿಯೊಂದೇ ಸಾಲದು, ಉಚ್ಚಂಗೆಮ್ಮ. ಅದಕ್ಕೆ ಒಂದು ಒಲೆಯೂ, ಆ ಒಲೆಯ ಮುಂದೆ ಬೈಯುವ ಒಬ್ಬ ತಾಯಿಯೂ ಬೇಕು" ಎನ್ನುತ್ತಿದ್ದಳು. ಮಗು ಕೊಡುವ ಮುಂಚೆ ಆ ಮನೆಯ ಒಲೆಯ ಮುಂದೆ ತಾನೇ ಹೋಗಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ತಿಂಗಳಿಗೊಮ್ಮೆ ಉಚ್ಚಂಗೆಮ್ಮ ಹೋಗಿ ಮಗುವಿನ ಹೊಟ್ಟೆ, ತಲೆ, ಬೆನ್ನು ನೋಡಿ ಬರಬೇಕು. ಇನ್ನೊಂದು ಕಟ್ಟುನಿಟ್ಟು ಇತ್ತು. ರಕ್ತಸಂಬಂಧಿ ಹುಡುಕಿಕೊಂಡು ಬಂದರೆ, ಎಷ್ಟೇ ದಿನವಾಗಿರಲಿ, ಮಗು ಅವರದು. ತಡೆಯುವಂತಿಲ್ಲ.

ಬೋರಿ ಬಂದದ್ದು ಅಂಥ ಒಂದು ಪ್ಲೇಗಿನ ಚಳಿಗಾಲದಲ್ಲಿ. ಆರು ವರ್ಷದ ಹುಡುಗಿ. ಮ್ಯಾಸ ನಾಯಕರ ಹಟ್ಟಿಯವಳು. ಅಪ್ಪ ಜೋಪಡಿಯಲ್ಲೇ ಸತ್ತಿದ್ದ. ಅವ್ವ ಬಂಗಲೆಯ ಬೇಲಿಯ ತನಕ ನಡೆದು ಬಂದು, ಮಗಳನ್ನು ಒಳಗೆ ದೂಡಿ, ಎರಡು ಮಾತಾಡಿ ಕಣ್ಣು ಮುಚ್ಚಿದಳು. ಆ ಮಾತು ಕೇಳಿಸಿಕೊಂಡವಳು ಉಚ್ಚಂಗೆಮ್ಮ. "ಮಾವ ಬರ್ತಾನೆ ಮಗಾ, ಅಲ್ಲೀತನಕ ಕೋಳಿ ಮಾತ್ರ ಮುಟ್ಟಬ್ಯಾಡ."

ಆ ಸೀಮೆಯಲ್ಲಿ ಇದರ ಅರ್ಥ ತಿಳಿಯದವರಿಲ್ಲ. ಮ್ಯಾಸ ನಾಯಕರು ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಕೋಳಿ ಬೆಂದ ಮಡಕೆಯ ನೀರೂ ಕುಡಿಯುವುದಿಲ್ಲ. ತಿಂದವರು ಹಟ್ಟಿಯ ಹೊರಗೆ. ಅದನ್ನು ತೀರ್ಮಾನಿಸುವುದು ಹಿರಿಯರು ಕೂಡುವ ಕಟ್ಟೆಮನೆ. ತಿಳಿದೂ ತಿಳಿದೂ ತಿಂದವರಿಗೆ ಅದರ ಮುಂದೆ ಅಳುವೂ ಇಲ್ಲ, ಕೈಮುಗಿತವೂ ಇಲ್ಲ.

ಬೋರಿಗೆ ಮನೆ ಹುಡುಕಿದವಳು ಉಚ್ಚಂಗೆಮ್ಮನೇ. ದೂರವೇನೂ ಹೋಗಲಿಲ್ಲ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಮಗ್ಗದ ಕಾಮಣ್ಣನಿಗೆ ಕೊಟ್ಟಿದ್ದ ಅವಳ ತಂಗಿ ಪಾಪಕ್ಕ ಮೂರು ಹೆತ್ತು ಮೂರನ್ನೂ ಮಣ್ಣಿಗೆ ಕೊಟ್ಟಿದ್ದಳು. ಗಂಡಹೆಂಡಿರಿಬ್ಬರೂ ಅಕ್ಕನ ಹಿಂದೆಯೇ ಮಿಷನ್ನಿಗೆ ಸೇರಿದವರು. ಮಿಸ್ಸಮ್ಮ ಹೋಗಿ ಒಲೆ ನೋಡಿ ಬಂದಳು, ಒಪ್ಪಿದಳು. ಬೋರಿ ಆ ಮನೆಗೆ ಹೋದ ಮೂರೇ ತಿಂಗಳಿಗೆ ಪಾಪಕ್ಕನ ಕೆನ್ನೆ ತುಂಬಿಕೊಂಡಿತು. ಹುಡುಗಿ ಮಗ್ಗದ ಕುಣಿಯ ಪಕ್ಕ ಕೂತು ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಪಾಪಕ್ಕನನ್ನು ಅವ್ವ ಎಂದಳು, ಉಚ್ಚಂಗೆಮ್ಮನನ್ನು ದೊಡ್ಡವ್ವ ಎಂದಳು. ಕೋಳಿ ಕೊಯ್ದ ದಿನ ಮಾತ್ರ ತಟ್ಟೆ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ ಬರೀ ಮುದ್ದೆ, ಉಪ್ಪುಕಾರ ಉಣ್ಣುತ್ತಿದ್ದಳು. "ಮಾವ ಬಂದ್ರೆ ಏನಂತ ಹೇಳ್ಲಿ?" ಎನ್ನುತ್ತಿದ್ದಳು. ಇದನ್ನು ಪಾಪಕ್ಕ ನಗುತ್ತ ಅಕ್ಕನಿಗೆ ಹೇಳಿದ್ದಳು. ನಗುತ್ತಿದ್ದವಳ ಕಣ್ಣಿನಲ್ಲಿ ಹೆದರಿಕೆ ಇದ್ದದ್ದನ್ನು ಅಕ್ಕ ಕಂಡಿದ್ದಳು.

ಏಳನೇ ತಿಂಗಳಲ್ಲಿ ಮಾವ ಬಂದ.

ಮಿಸ್ಸಮ್ಮ ದೇವಸಮುದ್ರದ ಕಡೆ ಹೋಗಿದ್ದಳು. ಉಚ್ಚಂಗೆಮ್ಮ ಜಗುಲಿಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೇಲಿಯ ಆಚೆ ಒಬ್ಬ ಬರಿಗಾಲಿನವ ಕಂಬಳಿ ಹೊದ್ದು, ಕೋಲಿನ ಮೇಲೆ ಗದ್ದವಿಟ್ಟು ನಿಂತಿದ್ದ. ಹೆಸರು ಸೂರಪ್ಪ. ಹಟ್ಟಿಯ ದೇವರ ಎತ್ತುಗಳನ್ನು ಕಾಯುವ ಕಿಲಾರಿ. ಮಂದೆಯ ಜೊತೆ ದೂರದ ಮೇವಿನ ಕಾವಲುಗಳಲ್ಲಿ ಇದ್ದದ್ದರಿಂದ ಅಕ್ಕ ಸತ್ತ ಸುದ್ದಿಯೇ ಮೊನ್ನೆ ಮುಟ್ಟಿತ್ತು. ಒಳಗೆ ಬಾ ಎಂದರೆ ಬರಲಿಲ್ಲ. ಕಿಲಾರಿಯ ಮಡಿ ದೊಡ್ಡದು.

"ಅಮ್ಮೋರೆ, ನಮ್ಮಕ್ಕನ ಮಗಳು ಇಲ್ಲೈತಂತೆ. ಕರ್ಕೊಂಡು ಹೋಗಾಕೆ ಬಂದೀನಿ."

ಉಚ್ಚಂಗೆಮ್ಮನ ಕೈ ಮೊರದಲ್ಲೇ ನಿಂತಿತು. ಪಾಪಕ್ಕನ ತುಂಬಿದ ಕೆನ್ನೆ ಕಣ್ಣ ಮುಂದೆ ಬಂತು. ಆ ಮನೆಯಿಂದ ನಾಲ್ಕನೆಯದನ್ನೂ ತಾನೇ ಕೈಯಾರೆ ಎತ್ತಿಕೊಂಡು ಬರಬೇಕು.

"ಚೆನ್ನಾಗೈತೆ ಮಗು. ಒಳ್ಳೇ ಮನೇಲಿ ಐತೆ" ಎಂದಳು.

ಸೂರಪ್ಪ ನೆಲ ನೋಡಿದ. ಕೇಳಲೋ ಬೇಡವೋ ಎಂಬಂತೆ ಕೋಲು ತಿರುಗಿಸಿದ. "ಕೋಳಿ ತಿಂದೈತಾ ಅಮ್ಮೋರೆ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅದು ಸತ್ಯವೂ ಆಗಿತ್ತು.

"ತಿಂದೈತೆ" ಎಂದಳು.

ಅವನ ಮುಖ ಬಾಡಿತು. ಆದರೆ ಆಸೆ ಬಿಡಲಿಲ್ಲ. "ಒಂದ್ಸಲ ಏನೋ ತಿಳೀದೆ ತಿಂದಿದ್ರೆ ಕಟ್ಟೆಮನೇಲಿ ಕಾಲಿಗೆ ಬೀಳ್ತೀನಿ. ನಾಲಿಗೆ ಸುಟ್ಟು ಸೇರಿಸ್ಕೊಂತಾರೆ. ಚಿಕ್ಕ ಮಗು, ಇಲ್ಲ ಅನ್ನಲ್ಲ. ಒಂದ್ಸಲನಾ ಅಮ್ಮೋರೆ?"

ಮೊದಲನೆಯ ಸುಳ್ಳು ಬಾಯಿ ತಪ್ಪಿ ಬಂತು ಎಂದು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಎರಡನೆಯದಕ್ಕೆ ಅಂಥ ಸಮಾಧಾನ ಇರಲಿಲ್ಲ. ಅದನ್ನು ಯೋಚಿಸಿ, ತೂಗಿ, ಅಳತೆ ಮಾಡಿಯೇ ಆಡಿದಳು.

"ಒಂದ್ಸಲ ಎಲ್ಲೀದು! ಕೇಳಿ ಹಾಕಿಸ್ಕೊಂತಾಳೆ."

ಸೂರಪ್ಪ ಬೇಲಿಯ ಬುಡದಲ್ಲಿ ಕೂತುಬಿಟ್ಟ. ಗಂಡಸು ಅಳುವುದನ್ನು ನೋಡಬಾರದೆಂದು ಇವಳು ಮೊರದ ಕಡೆ ತಿರುಗಿದಳು. ಅವನು ಎದ್ದು ಕಂಬಳಿಯ ಕೊನೆಯ ಗಂಟು ಬಿಚ್ಚಿ ಒಂದು ಬೊಗಸೆ ಕಾರೆ ಹಣ್ಣು ಬೇಲಿಯ ಕಲ್ಲಿನ ಮೇಲಿಟ್ಟ. ಮೊಳಕಾಲ್ಮೂರಿಗೆ ಹೋಗಿ ಒಮ್ಮೆ ನೋಡಿಕೊಂಡು ಹೋಗು ಎಂದು ಇವಳು ಧೈರ್ಯ ಮಾಡಿ ಹೇಳಿದಾಗ, "ಬ್ಯಾಡ್ರಿ, ನೋಡಿದ್ರೆ ಬಿಟ್ಟು ಬರಾಕಾಗಲ್ಲ" ಎಂದು ನಡೆದುಬಿಟ್ಟ. ಹಣ್ಣನ್ನು ಎಸೆಯಲಾರದೆ, ತಿನ್ನಲಾರದೆ, ಬೋರಿಗೆ ಒಯ್ದು ಕೊಡಲಾರದೆ, ಜಗುಲಿಯ ಮಕ್ಕಳಿಗೆ ಹಂಚಿದಳು. ಅವು ಬಾಯಿ ಚಪ್ಪರಿಸಿ ಇನ್ನೂ ಬೇಕೆಂದವು.

ಮಿಸ್ಸಮ್ಮ ಬಂದಾಗ ಉಚ್ಚಂಗೆಮ್ಮ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದಳು. "ಬೋರಿ ಸೋದರಮಾವ ಬಂದಿದ್ದ. ಕೋಳಿ ವಿಚಾರ ಕೇಳ್ದ. ಕರ್ಕೊಂಡು ಹೋಗ್ದೆ ಹಂಗೇ ಹೋದ." ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಮಿಸ್ಸಮ್ಮ ನಿಟ್ಟುಸಿರು ಬಿಟ್ಟು ಅಲ್ಲೇ ಮೊಣಕಾಲೂರಿದಳು. "ಕರ್ತನೇ, ಆ ಮನುಷ್ಯನ ಕಠಿಣ ಹೃದಯವನ್ನು ಮೃದುಗೊಳಿಸು" ಎಂದು ಪ್ರಾರ್ಥಿಸಿದಳು. ಪಕ್ಕದಲ್ಲಿ ಮೊಣಕಾಲೂರಿದ ಉಚ್ಚಂಗೆಮ್ಮ ಆಮೆನ್ ಎನ್ನಬೇಕಾಯಿತು. ಅಂದಳು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದೇವರ ಹತ್ತಿರ ದೂರು ಹೇಳುವವರಾದರೂ ಯಾರು?

ವರ್ಷಗಳು ಹೋದವು. ಬೋರಿಗೆ ಅಕ್ಷರ ಬಂತು, ಮಗ್ಗ ಬಂತು, ಪಾಪಕ್ಕನ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ಬೈಯುವುದೂ ಬಂತು. ಒಂದು ಕ್ರಿಸ್ಮಸ್ಸಿಗೆ ಉಚ್ಚಂಗೆಮ್ಮ ತಂಗಿಯ ಮನೆಗೆ ಹೋದಾಗ ಹತ್ತು ವರ್ಷದ ಹುಡುಗಿ ಹೊರಗಿನ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿತ್ತು. ಒಂದು ತುತ್ತು ಉಂಡು ದಾರಿ ನೋಡುತ್ತಿತ್ತು, ಮತ್ತೊಂದು ತುತ್ತು ಉಂಡು ದಾರಿ ನೋಡುತ್ತಿತ್ತು. ಉಚ್ಚಂಗೆಮ್ಮ ತಟ್ಟೆ ಸರಿಸಿ ಎದ್ದಳು.

ಮಾರನೆಯ ದಿನವೇ ಗೌರಸಮುದ್ರದ ಆಚೆಯ ಕಾವಲಿಗೆ ನಡೆದಳು. ಸೂರಪ್ಪ ಜಾಲಿ ನೆರಳಲ್ಲಿ ಉಣ್ಣೆ ನೂಲುತ್ತ ಎತ್ತು ಕಾಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಕಿಲಾರಿಯಿಂದ ಮಾರು ದೂರ ನಿಂತು ಎಲ್ಲ ಹೇಳಿದಳು. ತಂಗಿಯ ಮೂರು ಮಣ್ಣು, ತನ್ನ ಎರಡು ಸುಳ್ಳು, ಯಾವುದನ್ನೂ ಬಿಡಲಿಲ್ಲ. "ಇವತ್ತಿನ ತನಕ ಕೋಳಿ ಮುಟ್ಟಿಲ್ಲ ಕಣಪ್ಪ ಆ ಮಗು. ನಿಂಗೇ ಕಾಯ್ತಾ ಕೂತೈತೆ" ಎಂದಳು.

ಅವನು ಕದಿರು ನಿಲ್ಲಿಸಿದ. ಕೂಗಾಡುತ್ತಾನೆ ಎಂದುಕೊಂಡಿದ್ದಳು. ಕೂಗಾಡಿದ್ದರೆ ಹಗುರವಾಗುತ್ತಿತ್ತು.

"ಅವತ್ತು ತಿಂದೈತೆ ಅಂದೆ, ನಂಬಿದೆ. ಇವತ್ತು ತಿಂದಿಲ್ಲ ಅಂತೀಯ. ಕಟ್ಟೆಮನೇಲಿ ಸಾಕ್ಷಿ ಯಾರು ಅಂತ ಕೇಳ್ತಾರೆ. ಯಾರನ್ನ ತೋರಿಸ್ಲಿ? ನಿನ್ನನ್ನಾ?" ಅಮ್ಮೋರೆ ಎನ್ನುವುದನ್ನು ಅವನು ಬಿಟ್ಟಿದ್ದ. ನೂಲನ್ನು ಕದಿರಿಗೆ ಸುತ್ತಿಟ್ಟು ಕೇಳಿದ, "ಅದಕ್ಕೆ ಅವ್ವ ಸಿಕ್ಕಾಳಾ?"

"ಸಿಕ್ಕಾಳೆ."

"ಅದಾದ್ರೂ ನಿಜನಾ?"

ಉಚ್ಚಂಗೆಮ್ಮ ಹೂಂ ಎಂದಳು. ನಿಜವನ್ನೇ ಹೇಳಿದರೂ ಅದಕ್ಕೆ ಬೆಲೆ ಉಳಿದಿರಲಿಲ್ಲ. ಬಾಗಿಲು ತೆರೆಸುವ ಆ ನಾಲಿಗೆಗೆ ಅವನ ಮುಂದೆ ಕಿಲುಬು ಹಿಡಿದಿತ್ತು. ಅವನು ಎದ್ದು ಎತ್ತುಗಳ ಕಡೆ ಹೋದ. ಮುಂದಿನ ಬೇಸಿಗೆಯಲ್ಲಿ ಕಾವಲಿನಲ್ಲೇ ಹಾವು ಕಚ್ಚಿ ತೀರಿಕೊಂಡ ಎಂಬ ಸುದ್ದಿ ಸಂತೆಗೆ ಬಂತು. ಆ ಸುದ್ದಿಯನ್ನೂ ಅವಳು ಬೋರಿಗೆ ಹೇಳಲಿಲ್ಲ. ಹೇಳಿದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಹದಿನಾರಕ್ಕೆ ಬೋರಿಗೆ ಮದುವೆ ಗೊತ್ತಾಯಿತು. ಹುಡುಗ ಮಿಷನ್ ಶಾಲೆಯ ಮೇಷ್ಟ್ರು. ಮದುವೆಯ ಹಿಂದಿನ ದಿನ ಮಧ್ಯಾಹ್ನ ಪಾಪಕ್ಕ ಎರಡು ಕೋಳಿ ಕೊಯ್ಯಿಸಿದ್ದಳು. ಬೋರಿಗೆಂದು ಎಂದಿನಂತೆ ಬೇರೆ ಮಡಕೆಯಲ್ಲಿ ಬೇಳೆ ಸಾರು. ಬಡಿಸಲು ನಿಂತವಳು ಉಚ್ಚಂಗೆಮ್ಮ. ಬೋರಿ ತಟ್ಟೆ ಹಿಡಿದು ಹೊರಗೆ ಹೋಗಲಿಲ್ಲ. ಒಳಗೇ, ಎಲ್ಲರ ಸಾಲಿನಲ್ಲೇ ಕೂತಳು.

"ನಾಳೆಯಿಂದ ಬ್ಯಾರೆ ಮನೆ. ಅಲ್ಲಿ ನನ್ನೊಬ್ಬಳಿಗೆ ಅಂತ ಬ್ಯಾರೆ ಮಡಕೆ ಯಾರಿಡ್ತಾರೆ?" ಎಂದು ನಕ್ಕಳು. "ಹತ್ತು ವರ್ಷ ಕಾದೆ. ಮಾವ ಬರ್ಲೇ ಇಲ್ಲ, ಅಲ್ವಾ ದೊಡ್ಡವ್ವ? ಹಾಕು, ನೋಡಾನ ಹೆಂಗಿರ್ತದೆ."

ಸೌಟು ಉಚ್ಚಂಗೆಮ್ಮನ ಕೈಯಲ್ಲಿತ್ತು. ಒಂದು ಸೌಟು ಸಾರು ಹಾಕಿದ್ದರೆ ಎಲ್ಲ ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

"ಬಂದಿದ್ದ" ಎಂದಳು.

ಕಾಮಣ್ಣ ತುತ್ತನ್ನು ತಟ್ಟೆಗೆ ಇಳಿಸಿದ. ಉಚ್ಚಂಗೆಮ್ಮ ನಿಂತೇ ಹೇಳಿದಳು. ಬೇಲಿ, ಕಾರೆ ಹಣ್ಣು, ಅವನು ಕೇಳಿದ್ದು, ತಾನು ಅಂದದ್ದು, ಕಾವಲಿಗೆ ಹೋದದ್ದು, ಹಾವು. ತಂಗಿಯ ಹೆಸರನ್ನು ಮಾತ್ರ ನೆಪಕ್ಕೆ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಪಾಪಕ್ಕ ಬಾಯಿಗೆ ಸೆರಗು ತುರುಕಿಕೊಂಡು ಒಲೆಯ ಮುಂದೆ ಕುಸಿದಿದ್ದಳು. ಹತ್ತು ವರ್ಷ ತಾನು ಅಪ್ಪಿಕೊಂಡು ಮಲಗಿದ್ದು ಯಾರದೋ ಬೇಲಿಯ ಬುಡದ ಕಣ್ಣೀರು ಎಂದು ಅವಳಿಗೂ ಅವತ್ತೇ ಗೊತ್ತಾದದ್ದು.

ಬೋರಿ ಅಳಲಿಲ್ಲ. ಪಾಪಕ್ಕನನ್ನು ನೋಡಿದಳು. ಬಾಗಿಲಾಚೆಯ ಕಟ್ಟೆಯನ್ನು ನೋಡಿದಳು. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

"ಹಾಕು ದೊಡ್ಡವ್ವ."

"ಬ್ಯಾಡ ಮಗಾ. ನಿನ್ನ ಕಾಲಿಗೆ ಬೀಳ್ತೀನಿ, ಬ್ಯಾಡ."

"ಕೇಳಿ ಹಾಕಿಸ್ಕೊಂತಾಳೆ ಅಂದಿದ್ಯಲ್ಲ ಮಾವನಿಗೆ. ಕೇಳ್ತಾ ಇದೀನಿ. ಹಾಕು."

ಉಚ್ಚಂಗೆಮ್ಮ ಹಾಕಿದಳು. ಬೋರಿ ತಲೆ ತಗ್ಗಿಸಿ ನಿಧಾನವಾಗಿ ತಿಂದಳು, ಮೂಳೆಯನ್ನು ತಟ್ಟೆಯ ಅಂಚಿಗಿಟ್ಟಳು, ತಟ್ಟೆಯನ್ನು ಮತ್ತೊಮ್ಮೆ ಮುಂದಕ್ಕೆ ತಳ್ಳಿದಳು. ಎರಡನೆಯ ಸಲವೂ ಕೇಳಿಯೇ ಹಾಕಿಸಿಕೊಂಡಳು.