ಬೂಷ್ಟು ಬೆಳೆಸುವ ಕೆಲಸ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದರಿಂದ ಕೆಟ್ಟದ್ದೇ ಹೆಚ್ಚಾಗಿದೆ, ಒಂದು ಸಲ ಮಾತ್ರ ಒಳ್ಳೆಯದಾಯಿತು. ಬಿ.ಎಸ್ಸಿ. ಬಯೋಟೆಕ್ನಾಲಜಿಯ ಎರಡನೇ ವರ್ಷ ಮುಗಿದ ರಜೆಯಲ್ಲಿ, ವಿಜಯಪುರದಲ್ಲಿ ಆರು ವಾರಗಳ ಪ್ರಯೋಗಾಲಯ ತರಬೇತಿ ಇದೆಯೆಂದು ಗೊತ್ತಾಯಿತು. ಬಿಜ್ಜರಗಿಯ ನಮ್ಮ ತೋಟದಲ್ಲಿ ದ್ರಾಕ್ಷಿ ಬಳ್ಳಿ ಕಟ್ಟುತ್ತಿದ್ದ ಅಪ್ಪನಿಗೆ ಹೇಳಿದೆ. ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದ. ಬೂಷ್ಟು ಬೆಳೆಸುವುದನ್ನು ಎಂದೆ.

"ರೊಟ್ಟಿಗಿ ಬೂಸ್ಟ ಹಿಡದ್ರ ನಿಮ್ಮವ್ವ ತಿಪ್ಪಿಗಿ ಒಗಿತಾಳ. ಅದನ್ನ ಬೆಳಸಾಕ ವಿಜಾಪುರಕ್ಕ ಹೋಗ್ತಿ ಏನ?"

ಮೈಯೆಲ್ಲ ಉರಿದುಹೋಯಿತು. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವನೇ ಬೈಕಿನಲ್ಲಿ ತಿಕೋಟಾಕ್ಕೆ ಕರೆತಂದು ಬಸ್ಸು ಹತ್ತಿಸಿದ.

ಜೋರಾಪುರ ಪೇಟೆಯ ಸೋದರತ್ತೆಯ ಮನೆಯಲ್ಲಿದ್ದು ಕಲಿತೆ. ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಪಾಳಿ ಬರುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಇಲ್ಲಿ ದಿನವಿಡೀ ನಮ್ಮ ಕೈಯಿಂದಲೇ ಕೆಲಸ. ಕಲಿಸುತ್ತಿದ್ದ ಸರ್ ಮಹಾ ಖಡಕ್ಕು. ತಪ್ಪು ಮಾಡಿದರೆ ಸುಮ್ಮನಿರುತ್ತಿದ್ದರು, ತಪ್ಪನ್ನು ವಹಿಯಲ್ಲಿ ಬರೆಯದಿದ್ದರೆ ಮಾತ್ರ ಹೊರಗೆ ನಿಲ್ಲಿಸುತ್ತಿದ್ದರು. ನಾನು ಎರಡು ಸಲ ನಿಂತಿದ್ದೇನೆ. ಕೊನೆಗೆ ಸರ್ಟಿಫಿಕೇಟು ಕೈಗೆ ಬಂತು.

ಡಿಗ್ರಿ ಮುಗಿದಾಗ ನಾನು ಮುಂದೇನು ಮಾಡಬೇಕೆಂದು ಮನೆಯವರೇ ತೀರ್ಮಾನಿಸಿಬಿಟ್ಟಿದ್ದರು: ಬಿ.ಎಡ್. ಮಾಡುವುದು, ಟೀಚರಾಗುವುದು. ಅಪ್ಪ ಅರ್ಜಿಯನ್ನೂ ತಂದಿಟ್ಟಿದ್ದ. ಅಷ್ಟರಲ್ಲಿ ಬಬಲೇಶ್ವರದ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಖಾಲಿ ಇರುವುದು ತಿಳಿಯಿತು. ದ್ರಾಕ್ಷಿಯ ಬೇರು ಕೊಳೆಯದಂತೆ ಕಾಯುವ ಒಂದು ಬಗೆಯ ಹಸಿರು ಬೂಷ್ಟನ್ನು ಬೆಳೆಸಿ, ಪುಡಿ ಮಾಡಿ ರೈತರಿಗೆ ಕೊಡುವ ಲ್ಯಾಬು ಅದು. ಇದ್ದದ್ದು ಒಂದೇ ಜಾಗ. ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಬಿ.ಎಡ್. ಅರ್ಜಿ ತುಂಬುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟು ಹೋದೆ.

ಬಂದಿದ್ದ ಉಳಿದ ಮೂವರೂ ಎಂ.ಎಸ್ಸಿ. ಲ್ಯಾಬಿನ ಮೇಡಂ ನನ್ನ ತರಬೇತಿಯ ಸರ್ಟಿಫಿಕೇಟನ್ನು ತಿರುವಿ ನೋಡಿ, ಡಿಗ್ರಿ ನೋಡಿ ಕರೆದದ್ದಲ್ಲ, ಇದನ್ನು ನೋಡಿ ಕರೆದದ್ದು ಎಂದರು. ಆಮೇಲೆ ಪರೀಕ್ಷೆ: ಒಂದು ಗಂಟೆಯಲ್ಲಿ ಹತ್ತು ಗಾಜಿನ ತಟ್ಟೆಗಳಿಗೆ ಆ ಹಸಿರು ಬೂಷ್ಟನ್ನು ಬಿತ್ತಬೇಕು, ಬೇರೆ ಏನೂ ಒಳಗೆ ಸೇರಬಾರದು.

ಗ್ಲೌಸು ಹಾಕಿ, ಸ್ಪಿರಿಟ್ಟಿನಿಂದ ಒರೆಸಿ, ಸ್ಪಿರಿಟ್ ದೀಪ ಹಚ್ಚಿದೆ. ಹಚ್ಚಿದವಳೇ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡೆ. ನಮ್ಮ ಮನೆಯಲ್ಲಿ ದೇವರ ದೀಪವಿರಲಿ, ಒಲೆಯಿರಲಿ, ಹೊತ್ತಿಸಿದ ಕೂಡಲೇ ಕೈ ತಾನಾಗಿಯೇ ಕಣ್ಣಿಗೆ ಹೋಗುತ್ತದೆ. ಬೇಸಿಗೆಯ ಬೆವರು ಹಣೆಯಿಂದ ಇಳಿಯುತ್ತಿತ್ತು, ಅದೆಲ್ಲ ಗ್ಲೌಸಿಗೆ. ತಪ್ಪಾಯಿತೆಂದು ಹೊಳೆದದ್ದು ನಾಲ್ಕು ತಟ್ಟೆ ಮುಗಿದ ಮೇಲೆ. ಯಾರೂ ನೋಡಿರಲಿಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಆ ನಾಲ್ಕನ್ನೂ ಬದಿಗೆ ತಳ್ಳಿದೆ. ಗ್ಲೌಸು ಬದಲಿಸಿ, ಮತ್ತೆ ಒರೆಸಿ, ಉಳಿದ ಆರನ್ನು ಬಿತ್ತಿದೆ. ಹಾಳೆಯ ಮೇಲೆ "ನಾಲ್ಕು ಕೆಟ್ಟಿವೆ, ನನ್ನ ಗ್ಲೌಸು ಮುಖಕ್ಕೆ ತಾಗಿತು" ಎಂದು ಬರೆದುಕೊಟ್ಟೆ. ಉಳಿದವರು ಹತ್ತಕ್ಕೆ ಹತ್ತೂ ಒಪ್ಪಿಸಿದರು.

ಮನೆಗೆ ಬಂದು ನಡೆದದ್ದನ್ನು ಅಪ್ಪನಿಗೆ ಹೇಳಿದೆ.

"ಯಾರೂ ನೋಡಿಲ್ಲಂದ ಮ್ಯಾಲ ಬರದ್ಯಾಕಬೇ?" ಎಂದ.

ನಾಲ್ಕು ದಿನ ಆ ಬಿ.ಎಡ್. ಅರ್ಜಿ ಕಣ್ಣ ಮುಂದೆಯೇ ಬಿದ್ದಿತ್ತು. ಐದನೆಯ ದಿನ ಫೋನು ಬಂತು, ಬಬಲೇಶ್ವರಕ್ಕೆ ಓಡಿದೆ.

ಮೇಡಂ ಎಲ್ಲರ ತಟ್ಟೆಗಳನ್ನೂ ಸಾಲಾಗಿ ಇಟ್ಟಿದ್ದರು. ನನ್ನ ನಾಲ್ಕರಲ್ಲಿ ಬೆಳ್ಳಗೆ, ಕಪ್ಪಗೆ ಏನೇನೋ ಬೆಳೆದಿತ್ತು. ಆರರಲ್ಲಿ ಹಸಿರು ಬಿಟ್ಟು ಬೇರೇನೂ ಇಲ್ಲ. ಉಳಿದವರ ತಟ್ಟೆಗಳಲ್ಲೂ ಕೆಲವು ಕೆಟ್ಟಿದ್ದವು, ಅವರ ಹಾಳೆಗಳಲ್ಲಿ ಮಾತ್ರ ಆ ಬಗ್ಗೆ ಚಕಾರವಿರಲಿಲ್ಲ.

"ತಪ್ಪ ಎಲ್ಲಾರೂ ಮಾಡ್ಯಾರ. ಬರದಾಕಿ ನೀ ಒಬ್ಬಾಕೀನ ನೋಡವಾ. ರೈತರ ಹೊಲಕ್ಕ ಹೋಗು ಮಾಲ ಇದು. ನಾಳಿಂದ ಬಾ."

ಖುಷಿಗೆ ಅಲ್ಲೇ ಅತ್ತುಬಿಟ್ಟೆ. ಬಸ್ಸಿನಲ್ಲಿ ಟಿಕೇಟು ಹರಿಯುತ್ತಿದ್ದ ಕಂಡಕ್ಟರಿಗೂ, ಅವರು ಕೇಳದಿದ್ದರೂ, ನನಗೆ ಕೆಲಸ ಸಿಕ್ಕಿತು ಎಂದು ಹೇಳಿದೆ. ಅವರು ನಕ್ಕು ಕಿಟಕಿಯ ಪಕ್ಕದ ಸೀಟು ಕೊಡಿಸಿದರು.

ಈಗ ಅಲ್ಲಿ ಮೂಲ ಬೂಷ್ಟನ್ನು ಕಾಪಾಡುವ ಕೋಣೆಯ ಹೊಣೆ ನನ್ನದು. ಎಂ.ಎಸ್ಸಿ. ಮುಗಿಸಿ ಬಂದವರಿಗೂ ಮೊದಲ ವಾರ ನಾನೇ ಕಲಿಸುತ್ತೇನೆ, ಸ್ವಲ್ಪ ಜಂಬದಿಂದಲೇ. ಮೊನ್ನೆ ಸಂತೆಯ ದಿನ ಪುಡಿ ಒಯ್ಯಲು ಅಪ್ಪ ಲ್ಯಾಬಿನ ಕೌಂಟರಿಗೆ ಬಂದಿದ್ದ. ನಾನು ಒಳಬಾಗಿಲ ಹಿಂದೆಯೇ ಇರುವುದು ಅವನಿಗೆ ಗೊತ್ತಿರಲಿಲ್ಲ. ಚಸ್ಮಾ ಏರಿಸಿ ಪಾಕೀಟಿನ ಮೇಲೆ ತಯಾರಿಸಿದವರ ಸಹಿ ನೋಡಿದ, ಅದು ಬೇರೆಯವರದಾಗಿತ್ತು, ಹಿಂದಕ್ಕೆ ಕೊಟ್ಟ. ಎಲ್ಲಾ ಪಾಕೀಟೂ ಒಂದೇ ಎಂದು ಕೌಂಟರಿನವರು ತಿಳಿಸಿ ಹೇಳಿದರು.

"ಒಂದ ಇರ್ಬೋದ್ರಿ," ಎಂದ ಅಪ್ಪ. "ನನಗ ನನ್ನ ಮಗಳು ಮಾಡಿದ್ದ ಬೇಕು. ಕೆಟ್ಟಿದ್ರ ಆಕಿ ಬರದಿರ್ತಾಳ."