ಅತ್ತೆ ಕಂಡ ನೀಲಿ ನರ

ಮಹಾರಾಷ್ಟ್ರದ ಗಡಿಯ ನಿಲಂಗಾಕ್ಕೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಬೆಳಿಗ್ಗೆ ಏಳುವಾಗ ನನ್ನ ಮುಖ ಊದಿಕೊಂಡಿರತೊಡಗಿತು. ಕಸ ಗುಡಿಸಲು ಬಗ್ಗಿದರೆ ರಕ್ತವೆಲ್ಲ ತಲೆಗೆ ನುಗ್ಗಿದಂತಾಗುತ್ತಿತ್ತು. ಮಧ್ಯಾಹ್ನಕ್ಕೆ ಬಾವು ಇಳಿಯುತ್ತಿದ್ದುದರಿಂದ ಯಾರಿಗೂ ಹೇಳಲಿಲ್ಲ. ಕಣದಲ್ಲಿ ತೊಗರಿ ಒಕ್ಕುವ ರಾಶಿಯ ಧೂಳಿಗೆ ಹೀಗಾಗಿರಬೇಕು ಅಂದುಕೊಂಡೆ. ಕುಪ್ಪಸದ ತೋಳು ಬಿಗಿಯಾದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡೆ.

ಒಂದು ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಎದಿ ಮ್ಯಾಲ ಇವೇನ ನೀಲಿ ನರ? ಮೊದಲ ಇದ್ದಿಲ್ಲಲ್ಲ."

"ನಾ ನೋಡೇ ಇಲ್ಲರೀ ಅತ್ತಿ."

"ಕುತ್ತಿಗಿನೂ ಬಾತದ. ನಾಳಿ ಉದಗೀರಕ್ಕ ಹೋಗಮು."

ಉದಗೀರ ಅತ್ತೆಯ ತವರು. ಅಲ್ಲಿನ ಒಬ್ಬ ಡಾಕ್ಟರ ಮೇಲೆ ಅವರಿಗೆ ನಂಬಿಕೆ. ನನ್ನ ಗಂಡ "ರಾಶಿ ಮುಗೀಲಿ" ಅಂದ. "ರಾಶಿ ನೀ ಮಾಡ್ಕೊ. ನಾವಿಬ್ಬರೂ ಹೋಗತೀವಿ" ಎಂದು ಅತ್ತೆ ಎದ್ದೇಬಿಟ್ಟರು.

ಡಾಕ್ಟರು ಎರಡೂ ಕೈ ಮೇಲೆತ್ತಿ ನಿಲ್ಲಲು ಹೇಳಿದರು. ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ ಉಸಿರು ಕಟ್ಟಿತು. ತಲೆ ಮತ್ತು ಕೈಗಳಿಂದ ಹೃದಯಕ್ಕೆ ರಕ್ತ ಮರಳುವ ದೊಡ್ಡ ನಾಳವನ್ನು ಒಳಗೆ ಏನೋ ಒತ್ತುತ್ತಿದೆ, ಇವತ್ತೇ ಲಾತೂರಿನ ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿದರು.

ಲಾತೂರಿನ ಸ್ಕ್ಯಾನಿನಲ್ಲಿ ಎದೆಯೊಳಗೆ ಗಂಟು ಕಂಡಿತು. ಅದರ ಚೂರು ತೆಗೆದು ಪರೀಕ್ಷಿಸಿ, ಕ್ಯಾನ್ಸರ್ ಹೌದು, ಆದರೆ ಔಷಧಕ್ಕೆ ಕರಗುವ ಬಗೆಯದು ಎಂದರು. ಅಷ್ಟರಲ್ಲಿ ಗಂಡ ರಾಶಿ ಬಿಟ್ಟು ಬಂದಿದ್ದ. ಮಂಚದ ಪಕ್ಕ ನಿಂತು, "ನಾನೇ ಕರಕೊಂಡು ಬರಬೇಕಿತ್ತು" ಅಂದ. ನನಗೆ ಸಿಟ್ಟಿತ್ತು. ಅವನ ಮುಖ ನೋಡಿದ ಮೇಲೆ ಸರಿದು, ಕೂರಲು ಜಾಗ ಮಾಡಿಕೊಟ್ಟೆ.

ಅದುವರೆಗೆ ಮಲಗಿದರೆ ಉಸಿರು ಸಿಗದೆ ನಾನು ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಮೊದಲ ಸಲ ಔಷಧ ಏರಿಸಿ ವಾರ ಕಳೆಯುವುದರೊಳಗೆ ಚಪ್ಪಟೆಯಾಗಿ ಮಲಗಿದೆ. ಬೆಳಿಗ್ಗೆ ಅತ್ತೆ ಗದ್ದ ಹಿಡಿದು, ಬಾವು ಇಳಿದ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ, "ಈಗ ಕಣ್ಣು ಕಾಣ್ತಾವ ನೋಡು" ಎಂದು ನಕ್ಕರು.

ಮುಂದೆ ಕೂದಲು ಉದುರಿತು, ಬಾಯಿಗೆ ರುಚಿ ಇರಲಿಲ್ಲ. ಕೆಲವು ದಿನ ಯಾರ ಮಾತೂ ಬೇಡವಾಗುತ್ತಿತ್ತು. ಆರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಗಂಟು ಕರಗಿತ್ತು, ನಾಳ ತೆರೆದಿತ್ತು. ತಪಾಸಣೆಗೆ ಈಗಲೂ ಹೋಗುತ್ತೇನೆ, ಪ್ರತಿ ಸಲವೂ ಹೆದರುತ್ತೇನೆ.

ಹೋದ ವಾರ ಅತ್ತೆಯ ಜೊತೆ ಔರಾದ ಶಹಾಜನಿ ಊರಿನ ಸಂತೆಗೆ ಹೋಗಿದ್ದೆ. ಎರಡೂ ಚೀಲ ಅವರೇ ಹಿಡಿದು ನಡೆದರು.

"ಕೊಡ್ರೀ ಅತ್ತಿ, ನಾ ಹಿಡೀತೀನಿ."

ಅವರು ಎರಡೂ ಚೀಲ ತೂಗಿ ನೋಡಿ, ಹಗುರವಾದುದನ್ನು ನನ್ನ ಕೈಗಿಟ್ಟರು.