ಗುಣವಾದವನ ಅಫೀಮು

ದೋರನಹಳ್ಳಿಯ ಕುರಿಗಾರ ಮಲ್ಕಪ್ಪ ಅಫೀಮು ಹಿಡಿದದ್ದು ಮೋಜಿಗಲ್ಲ. ಮಳೆಗಾಲದಲ್ಲಿ ಕುರಿಹಟ್ಟಿಯ ಹಸಿನೆಲದ ಮೇಲೆ ಮಲಗಿ ಮಲಗಿ ಮೊಣಕಾಲು ಹಿಡಿದುಕೊಂಡಿದ್ದವು. ಒಂದು ಚೂರು ನಾಲಗೆಗೆ ಇಟ್ಟರೆ ನೋವೂ ಇಲ್ಲ, ಚಳಿಯೂ ಇಲ್ಲ. ನಿಜಾಮರ ಕಾಲದಲ್ಲಿ ಶಹಾಪುರದ ದುಕಾನಿನಲ್ಲಿ ಉಪ್ಪು ಸಿಕ್ಕಷ್ಟು ಸಲೀಸಾಗಿ ಸಿಗುತ್ತಿತ್ತು. ನಿಜಾಮರು ಹೋದರು, ಹೊಸ ಸರಕಾರ ಬಂತು, ಅಫೀಮು ಬಿಡಿಸುತ್ತೇನೆಂದಿತು. ಒಮ್ಮೆಲೇ ಅಲ್ಲ, ಚಟವಿದ್ದವರು ಡಾಕ್ಟರರ ಮುಂದೆ ಹೆಸರು ಬರೆಸಿ ಚೀಟಿ ಪಡೆಯಬೇಕು, ಚೀಟಿಗೆ ಸಿಗುವ ಅಫೀಮಿನ ಪಾಲು ಪ್ರತಿ ಸಲ ಹೊಸದು ಮಾಡಿಸಿದಾಗಲೂ ಇಳಿಯಬೇಕು. ಯೋಜನೆಯೇನೋ ಒಳ್ಳೆಯದೇ ಅನ್ನಿ. ಆದರೆ ಎಳೆಗೂಸುಗಳನ್ನು ಯಾವ ಪುಣ್ಯಾತ್ಮ ಲೆಕ್ಕಕ್ಕೆ ಹಿಡಿದ?

ಕೂಲಿಗೆ ಹೋಗುವ ತಾಯಂದಿರು ಕೂಸಿನ ಬಾಯಿಗೆ ತುಸು ಅಫೀಮು ಸವರಿ, ಬೇವಿನ ಮರಕ್ಕೆ ಜೋಳಿಗೆ ಕಟ್ಟಿ ಮಲಗಿಸುವುದು ಮುತ್ತಜ್ಜಿಯರ ಕಾಲದ ರೂಢಿ. ಮಲ್ಕಪ್ಪನ ಸೊಸೆ ಮಲ್ಲಿಕಮ್ಮನೂ ಅದನ್ನೇ ಮಾಡಿದಳು. ಗಂಡ ಕುರಿ ಹೊಡೆದುಕೊಂಡು ಹೊಳೆಯಾಚೆ ಹೋಗಿದ್ದ. ಹತ್ತಿ ಬಿಡಿಸುವ ಕೂಲಿಯಿಂದಲೇ ಮನೆಯ ಒಲೆ ಉರಿಯಬೇಕು. ದುಕಾನಿನಲ್ಲಿ ಚೀಟಿಯಿಲ್ಲದೆ ಅಫೀಮು ಸಿಗದಂತಾದದ್ದೇ ತಡ, ಅವಳ ಕೂಸು ರೇಣಮ್ಮ ಬೆವರಿ, ನಡುಗಿ, ಭೇದಿಯಾಗಿ, ಮೊಲೆಗೂ ಬಾಯಿ ಹಾಕದೆ ಚೀರತೊಡಗಿತು. ಮಲ್ಕಪ್ಪ ತನ್ನ ಪಾಲಿನಲ್ಲಿ ಮುರಿದು ಕೊಟ್ಟ. ಪಾಲು ಇಳಿಯುತ್ತ ಇಳಿಯುತ್ತ ಅಷ್ಟೂ ಕೂಸಿಗೇ ಬೇಕಾಯಿತು. ಮುದುಕ ಮೂಲೆಯಲ್ಲಿ ಕಂಬಳಿ ಕಚ್ಚಿಕೊಂಡು ನಡುಗಿದ, ವಾಂತಿ ಮಾಡಿಕೊಂಡ, ಆಮೇಲೆ ಎದ್ದ. ಚಟ ಹೋಗಿತ್ತು. ಅದಕ್ಕೆ ಅವನಿಗೆ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ.

ಚೀಟಿ ಹೊಸದು ಮಾಡಿಸಲು ಶಹಾಪುರಕ್ಕೆ ಹೋದ. ಗುಮಾಸ್ತ ಜಗದೇವಪ್ಪ ಈ ಸೀಮೆಯವನೇ. ತಿನ್ನದವರೂ ತಿನ್ನುತ್ತೇವೆಂದು ಹೇಳಿ ಪಾಲು ಮಾರಿಕೊಳ್ಳುವುದು ಅವನಿಗೆ ಗೊತ್ತು. ಅದಕ್ಕೇ ಕುರಿಗಾರರು ಬಂದರೆ ಮೈಲಾರಲಿಂಗನ ಭಂಡಾರವನ್ನು ಅಂಗೈಗೆ ಹಾಕಿ ಕೇಳುತ್ತಿದ್ದ. ಆ ಅರಿಸಿನ ಹಿಡಿದು ಸುಳ್ಳಾಡಿದರೆ ಹಟ್ಟಿಯೇ ಹಾಳಾಗುತ್ತದೆ ಎಂದು ನಂಬಿದವರು ಅವರು. ಉಪವಾಸ ಸತ್ತಾರು, ಸುಳ್ಳಾಡರು. ಮಲ್ಕಪ್ಪನ ಅಂಗೈಗೂ ಭಂಡಾರ ಬಿತ್ತು.

“ಅಫೀಮ ತಿಂತೀಯೇನು ಮುತ್ಯಾ?”

“ಇಲ್ರಿ. ಬಿಟ್ಟೀನ್ರಿ.”

ಹಾಗಾದರೆ ಪಾಲಿನ ಅಫೀಮು ಯಾರು ತಿನ್ನುತ್ತಾರೆಂದು ಯಾರೂ ಕೇಳಲಿಲ್ಲ. ತಾನೇ ಹೇಳಿಬಿಡೋಣವೆಂದುಕೊಂಡ, ಸೊಸೆಯನ್ನು ಠಾಣೆಗೆ ಎಳೆದಾರೆಂದು ಸುಮ್ಮನಾದ. ಡಾಕ್ಟರರು ಕಣ್ಣು ನೋಡಿದರು, ನಾಡಿ ಹಿಡಿದರು, ಖುಷಿಯಾದರು. ಈ ಮುದುಕನನ್ನು ನೋಡಿ ಕಲಿಯಿರಿ ಎಂದು ಸಾಲಿನಲ್ಲಿ ಕುಳಿತವರಿಗೆ ಹೇಳಿದರು. ಜಗದೇವಪ್ಪ ಚೀಟಿ ಹರಿದು ಹಾಕಿದ. ಮಲ್ಕಪ್ಪ ಕೈಮುಗಿದು ಹೊರಗೆ ಬಂದ.

ಹತ್ತಿಹೊಲದಲ್ಲಿ ಮಲ್ಲಿಕಮ್ಮ ಉಡಿ ತುಂಬ ಹತ್ತಿ ಕಟ್ಟಿಕೊಂಡು ಬದುವಿಗೆ ಓಡಿ ಬಂದಳು.

“ತಂದ್ರೇನ್ರಿ ಮಾವಾ?”

“ನಾ ಆರಾಮ ಆಗೀನಂತ ನೋಡವ್ವ. ಇನ್ನ ಕೊಡಂಗಿಲ್ಲಂತ.”

ಅವಳು ಉಡಿಯ ಗಂಟು ಬಿಗಿದುಕೊಂಡು ತನ್ನ ಸಾಲಿಗೆ ಹಿಂತಿರುಗಿದಳು. ಬಿಡಿಸುವುದು ಇನ್ನೂ ಬಹಳ ಉಳಿದಿತ್ತು. ಮಲ್ಕಪ್ಪ ಜೋಳಿಗೆಯಿಂದ ರೇಣಮ್ಮನನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡು ಬೇವಿನ ಬುಡಕ್ಕೆ ಕುಳಿತ. ಬೆಳಿಗ್ಗೆ ಸವರಿದ ಕೊನೆಯ ಚೂರಿನಿಂದ ಕೂಸು ಇನ್ನೂ ನಿದ್ದೆಯಲ್ಲಿತ್ತು. ಎದ್ದ ಮೇಲೆ ಅದಕ್ಕೆ ಏನೇನಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.